ರಕ್ತದ ವರದಿಯ ಆಧಾರದ ಮೇಲೆ ರಾಣಿಯ ವೇಷ

ಇಂದ,
ಮಧ್ವರಾಜ, ವಯಸ್ಸು ಐವತ್ತೆಂಟು, ಲಿಂಗ: ಪುರುಷ (ತಿದ್ದುಪಡಿಯ ನಂತರ),
ಠಾಣೆಯ ನಾಕಾ ಬಳಿಯ ಶಾಕಾಹಾರಿ ಹೋಟೆಲೊಂದರ ಮ್ಯಾನೇಜರ್,
ವಾಸ: ಡೊಂಬಿವಲಿ ಪೂರ್ವ.

ಗೆ,
ಮಾನ್ಯ ಸಂಚಾಲಕರಾದ ಶ್ರೀ ಜಯಶೀಲ ಅವರು,
ಗೆಜ್ಜೆದನಿ ಯಕ್ಷಗಾನ ಬಳಗ,
ಡೊಂಬಿವಲಿ.

ವಿಷಯ: ಈ ವರ್ಷದ ಆಟದಲ್ಲಿ ರಾಣಿಯ ವೇಷವನ್ನು ಅರ್ಜಿದಾರನ ಹೆಂಡತಿಗೆ ಕೊಟ್ಟಿರುವುದರ ಬಗ್ಗೆ ವೈಜ್ಞಾನಿಕ ಆಕ್ಷೇಪಣೆ, ಹಾಗೂ ಸದರಿ ಆಕ್ಷೇಪಣೆಗೆ ಅರ್ಜಿದಾರನದೇ ಆಕ್ಷೇಪಣೆ.

ಉಲ್ಲೇಖ: 1) ಬಳಗದ ಸಭೆಯಲ್ಲಿ ಗೋಳಿಬಜೆ ಹಂಚುವ ಹೊತ್ತಿಗೆ ತಾವು ಬಾಯಿಮಾತಿನಲ್ಲಿ ಹೊರಡಿಸಿದ ಆದೇಶ.
2) ಬಳಗದ ಆರೋಗ್ಯ ಶಿಬಿರದ ರಕ್ತದ ವರದಿಗಳು, ಮೊದಲ ಮುದ್ರಣ ಮತ್ತು ತಿದ್ದಿದ ಮುದ್ರಣ.
3) ಅರ್ಜಿದಾರನ ಮನೆಯ ಫ್ರಿಜ್ಜು.

ಮಾನ್ಯರೇ,

ಗಂಡ ಹೆಂಡತಿಯ ರಕ್ತದ ವಿಚಾರವನ್ನು ಯಕ್ಷಗಾನ ಬಳಗದ ಮೇಜಿನ ಮೇಲೆ ತಂದಿಡುವುದು ಮರ್ಯಾದಸ್ಥರು ಮಾಡುವ ಕೆಲಸವಲ್ಲ ಎಂದು ಅರ್ಜಿದಾರನಿಗೆ ಗೊತ್ತಿದೆ. ಗೊತ್ತಿದ್ದೂ ಈ ಧೈರ್ಯ ಮಾಡಿದ್ದಕ್ಕೆ ಮೊದಲಿಗೆ ಕ್ಷಮೆ ಕೇಳುತ್ತಾನೆ. ಹಾಗೆಯೇ ಈ ಅರ್ಜಿಯ ಮೊದಲ ಹಾಳೆಗಳು ಸುಕ್ಕಾಗಿ, ಅಲ್ಲಲ್ಲಿ ಒದ್ದೆಯ ಗುರುತು ಇರುವುದಕ್ಕೂ ಕ್ಷಮೆ ಇರಲಿ. ಅದರ ಕಾರಣವನ್ನು ಒಂಬತ್ತನೆಯ ಅಂಶದಲ್ಲಿ ನಿವೇದಿಸಲಾಗಿದೆ.

ಹೊಸದಾಗಿ ಪ್ರತಿ ಮಾಡಿ ಕೊಡಬಹುದಿತ್ತು. ಆದರೆ ಅರ್ಜಿದಾರನು ಸಂಜೆ ಶಾಲೆಯಲ್ಲಿ ಓದಿದವನು. ಅಲ್ಲಿನ ಮಾಸ್ಟರು ಅರ್ಜಿಯ ಪಾಠ ಮಾಡುವಾಗ ಎರಡು ಸಂಗತಿ ಹೇಳಿದ್ದರು. ಅರ್ಜಿಯಲ್ಲಿ 'ನಾನು' ಎಂದು ಬರೆಯಬಾರದು, 'ಅರ್ಜಿದಾರ' ಎಂದಿರಬೇಕು. ಒಮ್ಮೆ ಬರೆದದ್ದನ್ನು ಹರಿದುಹಾಕಬಾರದು. ತಪ್ಪಾಗಿದ್ದರೆ ಒಂದೇ ಒಂದು ಗೀಟು ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಮುಂದುವರಿಯಬೇಕು. ಈ ಎರಡನ್ನೂ ಅರ್ಜಿದಾರನು ಪಾಲಿಸಿದ್ದಾನೆ. ಪಾಲಿಸಿದ್ದು ಸರಿಯಾಯಿತೋ ಇಲ್ಲವೋ ಎಂದು ಈಗಲೂ ಅನುಮಾನವಿದೆ.

1. ಅರ್ಜಿದಾರನು ಉಡುಪಿ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಸಂಜೆ ಶಾಲೆಗೆ ಹೋಗಿ, ಉಳಿದ ಹೊತ್ತಿನಲ್ಲಿ ತಮ್ಮ ಬಳಗದಲ್ಲಿ ಸ್ತ್ರೀವೇಷ ಮಾಡುತ್ತ ಬಂದವನು. ಬಳಗದಲ್ಲಿ ಹೆಂಗಸರೇ ಇಲ್ಲದ ಕಾಲ ಅದು. ಆಗಿನಿಂದ ಇಲ್ಲಿಯವರೆಗೆ ರಾಣಿ, ರಾಜಕುಮಾರಿ, ಅಪ್ಸರೆ, ಒಮ್ಮೆ ಅನಿವಾರ್ಯವಾಗಿ ಹೆಣ್ಣು ಜಿಂಕೆ, ಹೀಗೆ ಬಂದ ವೇಷಗಳನ್ನೆಲ್ಲ ನಿಷ್ಠೆಯಿಂದ ನಿರ್ವಹಿಸಿದ್ದಾನೆ. ವಿಠ್ಠಲವಾಡಿಯ ಆಟ ಮುಗಿದ ಮೇಲೆ ಒಬ್ಬ ಅಜ್ಜಿ ಬಣ್ಣ ಹಚ್ಚುವ ಚೌಕಿಗೇ ಬಂದು, "ಮಗಾ, ನಿನಗೆ ಮದುವೆ ಆಗಿದೆಯಾ? ನಮ್ಮ ತಮ್ಮನ ಮಗ ಘಾಟ್‌ಕೋಪರಿನಲ್ಲಿ ಸ್ವಂತ ಹೋಟೆಲ್ ಇಟ್ಟಿದ್ದಾನೆ" ಎಂದು ವಿಚಾರಿಸಿದ್ದಕ್ಕೆ ತಾವೇ ಸಾಕ್ಷಿ. ಅರ್ಜಿದಾರನಿಗೆ ಆಗಲೇ ಮದುವೆಯಾಗಿ ಮಗಳೂ ಹುಟ್ಟಿದ್ದಳು. ಆದರೂ ಆ ದಿನದ ಸಂತೋಷವನ್ನು ಅವನು ಇಂದಿಗೂ ಮರೆತಿಲ್ಲ.

2. ಅರ್ಜಿದಾರನ ಹೆಂಡತಿ ರಮಾಮಣಿ, ವಯಸ್ಸು ಐವತ್ತನಾಲ್ಕು. ಇಷ್ಟು ವರ್ಷ ಅರ್ಜಿದಾರನ ಜಡೆ ಹೆಣೆದವಳು, ಸೀರೆಯ ನೆರಿಗೆ ಹಿಡಿದವಳು, ಡಾಬು ಬಿಗಿದವಳು ಈಕೆಯೇ. ಬಳಗದಲ್ಲಿ ಮಹಿಳಾ ತಂಡ ಶುರುವಾದ ಮೇಲೆ ಗೆಜ್ಜೆ ಕಟ್ಟಿದಳು. ಎತ್ತರ ಇದ್ದಾಳೆ, ಸ್ವರ ದಪ್ಪ ಇದೆ ಎಂಬ ಕಾರಣಕ್ಕೆ ಆಕೆಗೆ ಯಾವಾಗಲೂ ರಾಜನ ವೇಷವೇ. ಮೀಸೆ ಬರೆದುಕೊಂಡು ಗದರಿದರೆ ಎದುರಿನ ಸಾಲಿನ ಮಕ್ಕಳು ಮಾತ್ರವಲ್ಲ, ಚೌಕಿಯಲ್ಲಿ ಕೂತ ಅರ್ಜಿದಾರನೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾನೆ.

3. ಹೀಗಿರುವಾಗ ತಾವು ಉಲ್ಲೇಖ ಒಂದರ ಸಭೆಯಲ್ಲಿ ಹೊಸ ಪ್ರಸಂಗದ ವೇಷಗಳನ್ನು ಹಂಚುತ್ತ ಹೇಳಿದ ಮಾತನ್ನು ತಮಗೇ ನೆನಪಿಸುವುದು ಉದ್ಧಟತನವಾದರೂ, ದಾಖಲೆಗಾಗಿ ಇಲ್ಲಿ ಕೊಡಲಾಗಿದೆ:

"ಮಧ್ವಣ್ಣ, ಬೇಜಾರು ಮಾಡ್ಬೇಡಿ. ಮೊದಲು ನೀವು ರಂಗಸ್ಥಳಕ್ಕೆ ಬಂದರೆ ರಾಣಿ ಬಂದ ಹಾಗೆ ಆಗ್ತಿತ್ತು. ಈಗ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಮೇಂಟೆನೆನ್ಸ್ ಕೇಳ್ಲಿಕ್ಕೆ ಬಂದ ಹಾಗೆ ಆಗ್ತದೆ. ಈ ಸಲ ನೀವು ಮುದಿ ಮಂತ್ರಿ ಮಾಡಿ. ರಮಕ್ಕ ಇಷ್ಟು ವರ್ಷ ರಾಜ ಆದದ್ದು ಸಾಕು, ಒಮ್ಮೆ ರಾಣಿ ಆಗಲಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅರ್ಜಿದಾರನೂ ತಟ್ಟಿದನು. ಆ ಸಂಜೆ ಮನೆಗೆ ಬಂದ ರಮಾಮಣಿ ಚಪ್ಪಲಿ ಬಿಡುವುದಕ್ಕೂ ಮೊದಲು ಬಾಗಿಲ ಪಕ್ಕದ ಕನ್ನಡಿಯ ಮುಂದೆ ನಿಂತು, ಒಂದು ಸಲ ನಿಧಾನಕ್ಕೆ ತಿರುಗಿ ನೋಡಿಕೊಂಡಳು. ಅರ್ಜಿದಾರನು ಅದನ್ನು ಕಂಡೂ ಕಾಣದವನಂತೆ ಟಿ.ವಿ. ಹಾಕಿದನು.

4. ಅದಾದ ಸ್ವಲ್ಪ ದಿನಕ್ಕೆ ಬಳಗದ ವತಿಯಿಂದ ಸದಸ್ಯ ದಂಪತಿಗಳಿಗೆ ಆರೋಗ್ಯ ಶಿಬಿರ ನಡೆಯಿತು. ಸಕ್ಕರೆ, ಕೊಬ್ಬು, ಥೈರಾಯ್ಡ್ ಇವುಗಳ ಜೊತೆಗೆ ಹಾರ್ಮೋನುಗಳ ಪರೀಕ್ಷೆಯೂ ಉಚಿತ ಎಂದು ಕಲ್ಯಾಣದ ಲ್ಯಾಬಿನವರು ಹೇಳಿದ್ದರಿಂದ ಎಲ್ಲರೂ ಎರಡೂ ತೋಳು ಚಾಚಿ ಕೂತರು. ವರದಿ ಬಂತು. ಅವನ ಟೆಸ್ಟೋಸ್ಟೆರಾನ್ ಇರಬೇಕಾದ ಮಿತಿಗಿಂತ ಹತ್ತು ಪಟ್ಟು ಜಾಸ್ತಿ ಎಂದು ಕೆಂಪಕ್ಷರದಲ್ಲಿತ್ತು. ರಮಾಮಣಿಯ ವರದಿ ಇನ್ನೂ ಕೆಂಪಗಿತ್ತು. ಟೆಸ್ಟೋಸ್ಟೆರಾನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಎಫ್.ಎಸ್.ಎಚ್. ಎಂಬುದೊಂದು ಮಿತಿಯ ಆರು ಪಟ್ಟು.

ಅರ್ಜಿದಾರನು ಆ ದಿನ ಹೋಟೆಲಿನಲ್ಲಿ ಮಸಾಲೆ ದೋಸೆ ಕೇಳಿದವರಿಗೆ ಶೀರಾ ಬರೆದುಕೊಟ್ಟನು. ತನಗಂತೂ ಹೇಗೋ ಆಗಲಿ, ಆಕೆಯದು ಇಷ್ಟೊಂದು ಕೆಂಪು ಯಾಕೆ ಎಂದು ಯೋಚಿಸಿ ಯೋಚಿಸಿ, ಕೊನೆಗೆ ಎರಡೂ ವರದಿಗಳ ಮೇಲ್ಭಾಗವನ್ನು ಕನ್ನಡಕ ಹಾಕಿಕೊಂಡು ಓದಿದನು. ಮಧ್ವರಾಜ, ಹೆಂಗಸು. ರಮಾಮಣಿ, ಗಂಡಸು.

ವಿಚಾರಿಸಲಾಗಿ ತಿಳಿದುಬಂದದ್ದು ಏನೆಂದರೆ, ಲ್ಯಾಬಿನವರು ಸದಸ್ಯರ ಹೆಸರು, ವಯಸ್ಸು, ಲಿಂಗ ಇರುವ ಪಟ್ಟಿ ಕೇಳಿದಾಗ ಅವರಿಗೆ ಹೋದದ್ದು ಬಳಗದ ವೇಷಗಳ ಪಟ್ಟಿ. ಅದರಲ್ಲಿ ಅರ್ಜಿದಾರನು ಸ್ತ್ರೀವೇಷ, ರಮಾಮಣಿ ಪುರುಷವೇಷ. ಹಾಸ್ಯಗಾರ ವಾಸು ಅವರ ಲಿಂಗದ ಕಾಲಂನಲ್ಲಿ 'ಇತರೆ' ಎಂದಿತ್ತಂತೆ. ಸದರಿ ಪಟ್ಟಿಯನ್ನು ಕಳುಹಿಸಿದವರು ತಾವೇ ಎಂದು ಹೇಳುವ ಧೈರ್ಯ ಅರ್ಜಿದಾರನಿಗೆ ಇಲ್ಲ. ಆದರೆ ಕಳುಹಿಸಿದವರು ತಾವೇ.

5. ಅರ್ಜಿದಾರನು ತಿದ್ದುಪಡಿಗಾಗಿ ಕಲ್ಯಾಣದ ಲ್ಯಾಬಿಗೆ ಹೋದನು. ಕೌಂಟರಿನಲ್ಲಿದ್ದವರು ವಿಜಯಪುರದ ಕಡೆಯ ಹಣಮಂತ್ರಾಯ ಎಂಬವರು. ಕನ್ನಡದವರು ಸಿಕ್ಕಿದರು ಎಂದು ಅರ್ಜಿದಾರನಿಗೆ ಹೋದ ಜೀವ ಬಂತು.

"ಅಣ್ಣಾರ, ಇದರಾಗ ಹೆಣ್ಣು ಅಂತ ಬರದೈತಿ. ನೀವು ನೋಡಿದ್ರ ಗಂಡಸರ ಹಂಗ ಕಾಣಸ್ತೀರಿ. ನಾ ಯಾವುದು ನಂಬಬೇಕ್ರಿ?" ಎಂದರು ಹಣಮಂತ್ರಾಯ.

"ನಾನು ಗಂಡಸೇ ಮಾರಾಯ್ರೆ. ಪಟ್ಟಿ ತಪ್ಪಾಗಿದೆ."

"ಹಂಗಾರ ಆಧಾರ್ ತೋರಸ್ರಿ."

ಅರ್ಜಿದಾರನು ಆಧಾರ್ ಕಾರ್ಡಿನ ಫೋಟೋಗಾಗಿ ಮೊಬೈಲು ತೆರೆದಾಗ ಮೊದಲು ಬಂದದ್ದು ಕಳೆದ ವರ್ಷದ ಆಟದ ಫೋಟೋ: ಮೂಗುತಿ, ಜಡೆ, ಹಣೆಯ ತುಂಬ ಕುಂಕುಮ.

"ಇವರು ಯಾರ್ರಿ? ನಿಮ್ಮ ಮನಿಯವ್ರಾ?"

"ಅಲ್ಲ. ಅದು ನಾನೇ."

ಹಣಮಂತ್ರಾಯ ಫೋಟೋ ನೋಡಿದರು, ಅರ್ಜಿದಾರನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. "ಮತ್ತ ನಮ್ಮ ಲಿಸ್ಟ್ ಏನೂ ತಪ್ಪಿಲ್ಲ ಬಿಡ್ರಿ" ಎಂದರು.

ಆಧಾರ್ ಸಿಕ್ಕಿದ ಮೇಲೆ ಅವರು ಕಂಪ್ಯೂಟರಿನಲ್ಲಿ ಎರಡು ಸಲ ಟಕಟಕ ಮಾಡಿ ಇಬ್ಬರದೂ ಹೊಸ ವರದಿ ತೆಗೆದುಕೊಟ್ಟರು. ರಕ್ತ ಅದೇ, ಅಂಕಿ ಅದೇ. ಪಕ್ಕದಲ್ಲಿದ್ದ ಮಿತಿ ಮಾತ್ರ ಬದಲಾಯಿತು. ಬದಲಾದ ಕೂಡಲೇ ಇಬ್ಬರ ಕಾಯಿಲೆಯೂ ಹೋಯಿತು. ಅರ್ಜಿದಾರನು ಇಷ್ಟು ಬೇಗ ಗುಣವಾದದ್ದು ಜೀವನದಲ್ಲಿ ಇದೇ ಮೊದಲು.

6. ಕಲ್ಯಾಣದಿಂದ ವಾಪಸು ಬರುವ ಲೋಕಲ್ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತು. ಅದೇ ಎಲ್ಲ ಅನರ್ಥಕ್ಕೂ ಕಾರಣ. ನಿಂತಿದ್ದರೆ ಅರ್ಜಿದಾರನು ಹೊಸ ವರದಿಗಳನ್ನು ಅಕ್ಕಪಕ್ಕ ಇಟ್ಟು ಓದುತ್ತಿರಲಿಲ್ಲ.

ಅರ್ಜಿದಾರನ ಟೆಸ್ಟೋಸ್ಟೆರಾನ್ ನಾನೂರ ಐವತ್ತೆರಡು, ಹೆಂಡತಿಯದು ಹತ್ತೊಂಬತ್ತು. ಇದರಲ್ಲಿ ತಕರಾರಿಲ್ಲ. ಆದರೆ ಹೆಂಗಸರ ಹಾರ್ಮೋನು ಎಂದು ಎಲ್ಲರೂ ಹೇಳುವ ಈಸ್ಟ್ರೊಜೆನ್ ಇದೆಯಲ್ಲ, ಅದರ ಮುಖ್ಯ ಬಗೆಯಾದ ಎಸ್ಟ್ರಾಡಿಯಾಲ್ ಅರ್ಜಿದಾರನಲ್ಲಿ ಮೂವತ್ತೊಂದು. ಹೆಂಡತಿಯಲ್ಲಿ ಹತ್ತಕ್ಕಿಂತ ಕಡಿಮೆ. ಎರಡರ ಎದುರಿಗೂ 'ಸಹಜ' ಎಂದು ಮುದ್ರಿಸಲಾಗಿದೆ.

ಆ ಕಾಗದದಲ್ಲಿ ಗಂಡಸರಿಗೆ ಒಂದೇ ಸಾಲಿನ ಮಿತಿ ಇತ್ತು. ಹೆಂಗಸರಿಗೆ ನಾಲ್ಕು ಸಾಲು: ತಿಂಗಳ ಮೊದಲ ಭಾಗ, ನಡುಭಾಗ, ಕೊನೆಯ ಭಾಗ, ಮುಟ್ಟು ನಿಂತ ಮೇಲೆ. ರಮಾಮಣಿ ಮೊದಲ ಮೂರು ಸಾಲು ದಾಟಿ ನಾಲ್ಕನೆಯದಕ್ಕೆ ಯಾವಾಗ ಬಂದಳು ಎಂಬುದು ಅರ್ಜಿದಾರನಿಗೆ ತಿಳಿದಿರಲಿಲ್ಲ. ಅದೇ ಮನೆಯಲ್ಲಿ ವಾಸವಿದ್ದನು.

ಆದರೆ ಆ ಕ್ಷಣದಲ್ಲಿ ಅವನಿಗೆ ಹೊಳೆದದ್ದು ಅದಲ್ಲ. ಹೊಳೆದದ್ದು ಇಷ್ಟೇ: ವಿಜ್ಞಾನದ ಪ್ರಕಾರ ಈ ಮನೆಯಲ್ಲಿ ರಾಣಿಯಾಗಲು ಅರ್ಹ ಯಾರು?

7. ಅರ್ಹತೆಗೆ ಪ್ರಮಾಣಪತ್ರ ಬೇಕು. ಆದ್ದರಿಂದ ಅರ್ಜಿದಾರನು ವಾರದ ರಜೆಯ ದಿನ ನವಿ ಮುಂಬಯಿಗೆ ಹೋಗಿ, ವಾಶಿಯಲ್ಲಿ ದವಾಖಾನೆ ಇಟ್ಟಿರುವ ಡಾಕ್ಟರ್ ಪ್ರಿಯಂವದಾ ಅವರನ್ನು ಕಂಡನು. ಅವರು ನಮ್ಮವರೇ, ಹುಟ್ಟಿದ್ದು ಬೆಳೆದದ್ದು ಇಲ್ಲಿ. ವರದಿ ನೋಡಿ, "ಅಂಕಲ್, ನೀವೂ ಠೀಕ್, ಆಂಟೀನೂ ಠೀಕ್. ಸರ್ಟಿಫಿಕೇಟ್ ಯಾಕೆ?" ಎಂದರು.

"ರಾಣಿ ಆಗ್ಲಿಕ್ಕೆ, ಡಾಕ್ಟ್ರೇ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅರ್ಜಿದಾರನು ಮೊದಲಿನಿಂದ ವಿವರಿಸಿದನು. ಹೊರಗೆ ಕೂತ ರೋಗಿಗಳು ಬಾಗಿಲು ಬಡಿಯುವವರೆಗೂ ಅವರು ತಾಳ್ಮೆಯಿಂದ ಕೇಳಿದರು.

"ನೋಡಿ ಅಂಕಲ್, ಗಂಡಸರ ಮೈಯಲ್ಲೂ ಇದು ತಯಾರಾಗ್ತದೆ. ಟೆಸ್ಟೋಸ್ಟೆರಾನೇ ಸ್ವಲ್ಪ ಸ್ವಲ್ಪ ಬದಲಾಗಿ ಎಸ್ಟ್ರಾಡಿಯಾಲ್ ಆಗ್ತದೆ. ಆಂಟಿಯ ವಯಸ್ಸಿನಲ್ಲಿ ಅಂಡಾಶಯ ಕೆಲಸ ನಿಲ್ಲಿಸ್ತದಲ್ಲಾ, ಅದಕ್ಕೆ ಅವರದ್ದು ಇಳೀತದೆ. ನಿಮ್ಮ ವಯಸ್ಸಿನ ಗಂಡಸರಲ್ಲಿ ಅದೇ ವಯಸ್ಸಿನ ಹೆಂಗಸರಿಗಿಂತ ಜಾಸ್ತಿ ಇರೋದು ಏಕ್‌ದಮ್ ನಾರ್ಮಲ್."

"ಹಾಗಾದ್ರೆ ನನ್ನದು ಇಳಿಯೋದಿಲ್ವಾ?"

"ಇಳೀತದೆ. ಹೇಗೆ ಹೇಳೋದು... ಆಂಟಿಯದ್ದು ಫಾಸ್ಟ್ ಲೋಕಲ್. ಠಾಣೆ ಬಿಟ್ಟರೆ ಸೀದಾ ಡೊಂಬಿವಲಿ. ನಿಮ್ಮ ಟೆಸ್ಟೋಸ್ಟೆರಾನ್ ಸ್ಲೋ. ಕಳವಾ, ಮುಂಬ್ರಾ, ದಿವಾ, ಕೋಪರ್, ಎಲ್ಲಾ ಕಡೆ ನಿಂತು ನಿಂತು ಹೋಗ್ತದೆ. ಇಳಿದದ್ದು ಗೊತ್ತೇ ಆಗಲ್ಲ."

ಹಾಗಾದರೆ ಒತ್ತಡದ ಹಾರ್ಮೋನು ಎನ್ನುವ ಕಾರ್ಟಿಸೋಲಿನಲ್ಲಿ ಯಾರು ಮುಂದೆ ಎಂದು ಅರ್ಜಿದಾರನು ಕೇಳಿದನು. ಅದಕ್ಕೆ ಗಂಡು ಹೆಣ್ಣು ಎಂಬ ಕಾಲಂ ಇಲ್ಲ, ಬೆಳಿಗ್ಗೆ ಸಂಜೆ ಎಂಬ ಕಾಲಂ ಇದೆ ಎಂದು ಉತ್ತರ ಬಂತು. ಅರ್ಜಿದಾರನಿಗೆ ಸ್ವಲ್ಪ ನಿರಾಸೆಯಾಯಿತು.

ಏಳುವಾಗ ಡಾಕ್ಟರು ಒಂದು ಪ್ರಶ್ನೆ ಕೇಳಿದರು. "ಅಂಕಲ್, ಆಂಟಿಗೆ ಇದ್ದಕ್ಕಿದ್ದ ಹಾಗೆ ಮೈ ಬಿಸಿಯಾಗೋದು, ಬೆವರೋದು, ಹಾಗೆಲ್ಲಾ ಆಗ್ತದಾ?"

"ಡೊಂಬಿವಲಿಯಲ್ಲಿ ಎಲ್ಲರಿಗೂ ಆಗ್ತದೆ ಡಾಕ್ಟ್ರೇ" ಎಂದನು ಅರ್ಜಿದಾರನು, ನಗುತ್ತಾ. ಡಾಕ್ಟರು ನಗಲಿಲ್ಲ. ಪ್ರಮಾಣಪತ್ರವನ್ನೂ ಕೊಡಲಿಲ್ಲ.

8. (ಈ ಅಂಶಕ್ಕೆ ಗೀಟು ಎಳೆದು ಸಹಿ ಮಾಡಲಾಗಿದೆ. ಆದರೂ ಓದಬಹುದು.) ಮೇಲ್ಕಂಡ ಕಾರಣಗಳಿಂದ ರಾಣಿಯ ವೇಷಕ್ಕೆ ಅರ್ಜಿದಾರನೇ ಹೆಚ್ಚು ಅರ್ಹನೆಂದು ಸಿದ್ಧವಾಗುತ್ತದೆ. ಅಲ್ಲದೆ ಶ್ರೀಮತಿ ರಮಾಮಣಿಯವರ ನಡವಳಿಕೆಯಲ್ಲಿ ರಾಣಿಗೆ ತಕ್ಕುದಲ್ಲದ ಕೆಳಕಂಡ ದೋಷಗಳು ಕಂಡುಬಂದಿವೆ:

ಅ) ಅಭ್ಯಾಸದ ನಡುವೆ, ಭಾಗವತರು ಪದ ಹಾಡುತ್ತಿರುವಾಗಲೇ, ಯಾರಿಗೂ ಹೇಳದೆ ಹೊರಗಿನ ಗ್ಯಾಲರಿಗೆ ಹೋಗಿ ಗಾಳಿಗೆ ನಿಲ್ಲುತ್ತಾರೆ. ಇದು ಅಶಿಸ್ತು.

ಆ) ಮನೆಯಲ್ಲಿ ಕಾರಣವಿಲ್ಲದೆ ಫ್ರಿಜ್ಜಿನ ಬಾಗಿಲು ತೆರೆದು ಅದರೊಳಗೆ ಮುಖ ಇಟ್ಟು ನಿಲ್ಲುತ್ತಾರೆ. ಏನು ಹುಡುಕುತ್ತಿದ್ದೀ ಎಂದರೆ ಒಮ್ಮೆ ನಿಂಬೆಹಣ್ಣು ಎನ್ನುತ್ತಾರೆ, ಒಮ್ಮೆ ಏನೂ ಇಲ್ಲ ಎನ್ನುತ್ತಾರೆ. ನಿಂಬೆಹಣ್ಣು ಬುಟ್ಟಿಯಲ್ಲಿರುತ್ತದೆ.

ಇ) ಫ್ಯಾನಿನ ವಿಷಯಕ್ಕೆ ಜಗಳವಾಡುತ್ತಾರೆ.

ಆದ್ದರಿಂದ ಸದರಿ ವೇಷವನ್ನು ಹಿಂದಕ್ಕೆ ಪಡೆದು ಅರ್ಜಿದಾರನಿಗೆ ಮರಳಿಸಬೇಕಾಗಿ ಕೋರಿಕೆ.

9. ಅರ್ಜಿದಾರನಿಗೆ ತನ್ನ ಬರವಣಿಗೆಯ ಮೇಲೆ ಪೂರ್ಣ ನಂಬಿಕೆ ಎಂದೂ ಇಲ್ಲ. ಸಂಜೆ ಶಾಲೆಯಲ್ಲಿ ಕಲಿತದ್ದು ಅರ್ಧ, ನಿದ್ದೆ ಮಾಡಿದ್ದು ಅರ್ಧ. ಆದ ಕಾರಣ ಏನು ಬರೆದರೂ, ಹೋಟೆಲಿನ ಮುಂದೆ ತೂಗುಹಾಕುವ 'ಇಂದು ಬಂದ್' ಎಂಬ ಬೋರ್ಡಾದರೂ ಸರಿ, ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ ರಮಾಮಣಿಯಿಂದ ತಪ್ಪು ತಿದ್ದಿಸಿಕೊಳ್ಳುವುದು ರೂಢಿ. ಈ ಅರ್ಜಿಯೂ ಹಾಗೆಯೇ. ಮಗಳು ಸಂಜನಾ, "ಪಪ್ಪಾ, ಆಧೀ ಮಮ್ಮೀಲಾ ವಿಚಾರ್ ನಾ," ಅಂದರೆ ಮೊದಲು ಅಮ್ಮನನ್ನು ಕೇಳು ಎಂದು, ಕೆಲಸಕ್ಕೆ ಹೊರಡುವಾಗ ಹೇಳಿಯೇ ಹೋಗಿದ್ದಳು. ಅರ್ಜಿದಾರನು ಕೇಳಲಿಲ್ಲ, ಓದಿದನು. ರೂಢಿಯ ಬಲದಿಂದ, ಯಾರ ಮೇಲೆ ದೂರೋ ಅವರಿಗೇ ದೂರನ್ನು ಓದಿ ಹೇಳುತ್ತಿದ್ದೇನೆ ಎಂಬುದು ಎಂಟನೆಯ ಅಂಶಕ್ಕೆ ಬರುವವರೆಗೆ ಅವನ ಗಮನಕ್ಕೆ ಬರಲಿಲ್ಲ. ಆ ಹೊತ್ತಿಗೆ ನಿಲ್ಲಿಸುವುದು ಕಷ್ಟವಾಗಿತ್ತು.

ರಮಾಮಣಿ ನೆಲದ ಮೇಲೆ ಕೂತು ಬಸಳೆ ಬಿಡಿಸುತ್ತಿದ್ದಳು. ಮುಂದಿನ ಮಾತುಕತೆ ತುಳುವಿನಲ್ಲಿ ನಡೆದಿದ್ದು, ಕಚೇರಿಯ ಅನುಕೂಲಕ್ಕಾಗಿ ಕನ್ನಡಕ್ಕೆ ತಂದು ಸಲ್ಲಿಸಲಾಗಿದೆ.

ಮೊದಲು ಆಕೆ ನಕ್ಕಳು. ಬಸಳೆಯ ದಂಟು ಕೈಯಿಂದ ಬೀಳುವಷ್ಟು ನಕ್ಕಳು. "ಅಯ್ಯೋ ದೇವರೇ! ಹಾಗಾದ್ರೆ ನಾಳೆಯಿಂದ ನೀವು ಲೇಡೀಸ್ ಡಬ್ಬಿಯಲ್ಲಿ ಹೋಗಿ ಮಾರಾಯ್ರೆ. ಟಿ.ಸಿ. ಹಿಡಿದ್ರೆ ಈ ರಿಪೋರ್ಟ್ ತೋರಿಸಿ. ಮೂವತ್ತೊಂದು ಉಂಟು ಸಾಹೇಬ್ರೆ, ನನ್ನ ಹೆಂಡತಿಗಿಂತ ಜಾಸ್ತಿ ಅಂತ ಹೇಳಿ."

"ತಮಾಷೆ ಅಲ್ಲ ರಮಾ. ಡಾಕ್ಟ್ರೇ ಹೇಳಿದ್ದು."

"ಮುಟ್ಟು ನಿಂತದ್ದು ನನಗೆ, ರಾಣಿ ಆಗುದು ನಿಮಗೆ. ಚಂದ ಉಂಟು ನ್ಯಾಯ."

ಅರ್ಜಿದಾರನು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದನು. "ಅದು ಯಾವಾಗ ನಿಂತದ್ದು?" ಎಂದು ಕೇಳಿದನು.

"ನಿಮ್ಮ ಜಿಂಕೆಯ ಆಟದ ವರ್ಷ."

ಹೇಳುತ್ತಿದ್ದ ಹಾಗೆಯೇ ಆಕೆಯ ಮುಖ ಬದಲಾಯಿತು. ಕುತ್ತಿಗೆಯಿಂದ ಮೇಲಕ್ಕೆ ಕೆಂಪೇರಿತು. ಹಣೆಯ ಮೇಲೆ, ಮೇಲ್ತುಟಿಯ ಮೇಲೆ ಬೆವರು ಒಮ್ಮೆಗೇ ಮೂಡಿತು. "ಬಂತು" ಎಂದಳು, ಮನೆಗೆ ಯಾರೋ ಬಂದರೆ ಹೇಳುವ ಹಾಗೆ. ಎದ್ದು ಫ್ರಿಜ್ಜಿನ ಬಾಗಿಲು ತೆರೆದು, ಅದರೊಳಗೆ ಮುಖ ಇಟ್ಟು ನಿಂತಳು.

ಎಂಟನೆಯ ಅಂಶದ 'ಆ' ಅರ್ಜಿದಾರನ ಕಣ್ಣೆದುರಿಗೇ ನಿಂತಿತ್ತು. ವಾಶಿಯಲ್ಲಿ ಡಾಕ್ಟರು ಕೇಳಿದ ಪ್ರಶ್ನೆಯೂ, ತಾನು ಹೇಳಿದ ಉತ್ತರವೂ ಆಗ ನೆನಪಿಗೆ ಬಂದವು. ಏನು ಮಾಡಬೇಕೆಂದು ತೋಚದೆ, ಕೈಯಲ್ಲಿ ಏನಿತ್ತೋ ಅದರಿಂದ ಆಕೆಗೆ ಗಾಳಿ ಹಾಕಿದನು. ಕೈಯಲ್ಲಿ ಇದ್ದದ್ದು ಈ ಅರ್ಜಿ. ಹಾಳೆಗಳು ಸುಕ್ಕಾಗಿರುವುದಕ್ಕೂ ಒದ್ದೆಯಾಗಿರುವುದಕ್ಕೂ ಇದೇ ಕಾರಣ. ಹಸಿರು ಕಲೆ ಬಸಳೆಯದು.

"ಜೋರಾಗಿ ಬೀಸಿ. ಕಾಗದಕ್ಕೆ ಏನೂ ಆಗುದಿಲ್ಲ" ಎಂದಳು, ಫ್ರಿಜ್ಜಿನ ಒಳಗಿನಿಂದಲೇ.

ಸ್ವಲ್ಪ ಹೊತ್ತಿಗೆ ಅದು ಹೋಯಿತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಬಸಳೆಯ ಮುಂದೆ ಕೂತು, ಅರ್ಜಿದಾರನ ಮುಖ ನೋಡದೆ ಹೇಳಿದಳು. "ಆ ಜರಿ ಸೀರೆ, ಅಷ್ಟು ಭಾರದ ಆಭರಣ, ಮೇಲಿಂದ ಲೈಟಿನ ಬಿಸಿ. ರಂಗಸ್ಥಳದಲ್ಲಿ ಇದು ಬಂದ್ರೆ ಫ್ರಿಜ್ ಎಲ್ಲಿ ಉಂಟು? ಬಣ್ಣ ಎಲ್ಲಾ ಇಳಿದು ಗಲ್ಲಕ್ಕೆ ಬರ್ತದೆ. ರಾಜನ ವೇಷದಲ್ಲಾದ್ರೆ ಗದರಿಸಿ ಒಳಗೆ ಹೋಗ್ಬಹುದಿತ್ತು, ರಾಣಿಗೆ ಉದ್ದ ಪದ ಉಂಟು. ನಾನೇ ಜಯಶೀಲಣ್ಣನಿಗೆ ಹೇಳಿ ಬಿಟ್ಟು ಬಿಡುವಾ ಅಂತ ಇದ್ದೆ. ನೀವೇ ಆಗಿ ರಾಣಿ. ಅರ್ಜಿ ಎಲ್ಲಾ ಎಂತಕ್ಕೆ?"

ಮಾನ್ಯರೇ, ಅರ್ಜಿದಾರನು ಕೋರಿದ್ದು ಹೀಗೆ ಕಚೇರಿಯ ಮೆಟ್ಟಿಲು ಹತ್ತುವ ಮೊದಲೇ ಮಂಜೂರಾಯಿತು. ಅವನು ಸಂತೋಷಪಡಬೇಕಿತ್ತು. ಮೊದಲ ಉಸಿರಿಗೆ ಪಟ್ಟನು ಕೂಡ. ಎರಡನೆಯ ಉಸಿರಿಗೆ, ಚಪ್ಪಲಿ ಬಿಡದೆ ಕನ್ನಡಿಯ ಮುಂದೆ ನಿಂತು ನಿಧಾನಕ್ಕೆ ತಿರುಗಿದ್ದ ಹೆಂಗಸಿನ ನೆನಪಾಯಿತು.

"ಇಷ್ಟು ದಿನ ನನಗೆ 'ಯಾಕೆ ಹೇಳ್ಲಿಲ್ಲ?' ಎಂದು ಕೇಳಿದನು."

(ಮೇಲಿನ ವಾಕ್ಯದಲ್ಲಿ ಉದ್ಧರಣೆಯ ಗುರುತುಗಳು ತಪ್ಪಿ ಬಿದ್ದಿವೆ. ಬರೆಯುವಾಗ ಕಣ್ಣು ಫ್ರಿಜ್ಜಿನ ಕಡೆಗಿತ್ತು. ಸಹಿ ಹಾಕಲಾಗಿದೆ.)

"ಹೇಳಿದ್ದೆ. ಫ್ಯಾನ್ ಐದರಲ್ಲಿ ಇಡಿ ಅಂತ ಹೇಳ್ತಾನೇ ಇದ್ದೆ. ನೀವು ಎರಡರಲ್ಲಿ ಇಡ್ತಿದ್ರಿ."

10. ಅಂದಿನಿಂದ ಅರ್ಜಿದಾರನು ಈ ವಿಷಯವನ್ನು ಹೋಟೆಲಿನಲ್ಲಿ, ಗಾಡಿಯಲ್ಲಿ, ಪ್ಲಾಟ್‌ಫಾರ್ಮಿನಲ್ಲಿ ಯೋಚಿಸಿ ಕೆಳಕಂಡ ನಿರ್ಧಾರಕ್ಕೆ ಬಂದಿದ್ದಾನೆ. ತಪ್ಪಿದ್ದರೆ ತಾವು ತಿದ್ದಬೇಕು.

ಹೊಸ ಪ್ರಸಂಗದ ಒಡ್ಡೋಲಗದಲ್ಲಿ ರಾಣಿಯ ಹಿಂದೆ ಚಾಮರ ಬೀಸುವ ಸಖಿಯ ವೇಷ ಒಂದಿದೆ. ಮಾತಿಲ್ಲ, ಪದವಿಲ್ಲ, ಕುಣಿತವಿಲ್ಲ. ಯಾರೂ ಒಪ್ಪದ ಕಾರಣ ಅದನ್ನು ಕೈಬಿಡುವ ಆಲೋಚನೆಯಲ್ಲಿ ತಾವಿದ್ದೀರಿ ಎಂದು ಕೇಳಿಬಂದಿದೆ. ಅದನ್ನು ಕೈಬಿಡಬಾರದು. ಅರ್ಜಿದಾರನು ಅದಕ್ಕೆ ಎಲ್ಲ ವಿಧದಲ್ಲೂ ಅರ್ಹ. ಸ್ತ್ರೀವೇಷದ ಅನುಭವವಿದೆ. ಎಸ್ಟ್ರಾಡಿಯಾಲ್ ಮೂವತ್ತೊಂದು ಇದೆ. ಹೋಟೆಲಿನಲ್ಲಿ ದಿನವಿಡೀ ನಿಂತು ಅಭ್ಯಾಸವಿದೆ. ಸೊಸೈಟಿಯ ಸೆಕ್ರೆಟರಿಯಂತೆ ನಡೆಯುವ ದೋಷವು ನಿಂತಲ್ಲೇ ನಿಲ್ಲುವ ಸಖಿಗೆ ಅನ್ವಯಿಸುವುದಿಲ್ಲ.

ಒಡ್ಡೋಲಗ ಮುಗಿದು ರಾಣಿ ಕಾಡಿಗೆ ಹೋಗುವ ದೃಶ್ಯದಲ್ಲಿ ಸಖಿಗೆ ಪ್ರವೇಶವಿಲ್ಲ ಎಂದು ತಾವು ಆಕ್ಷೇಪಿಸಬಹುದು. ಅದಕ್ಕೂ ಅರ್ಜಿದಾರನು ದಾರಿ ಹುಡುಕಿದ್ದಾನೆ. ಆ ದೃಶ್ಯದಲ್ಲಿ ಅವನು ಕೈಯಲ್ಲಿ ಎಲೆಯ ದೊಡ್ಡ ಕೊಂಬೆ ಹಿಡಿದು ಮರವಾಗಿ ನಿಲ್ಲಲು ಸಿದ್ಧ. ಗಾಳಿಗೆ ಬಹಳ ಅಲುಗಾಡುವ ಮರ. ರಾಣಿಯು ದುಃಖದಿಂದ ಅದರ ಬಳಿಗೆ ಬಂದು ಪದ ಹಾಡಿಸಿಕೊಳ್ಳುವಂತೆ ಭಾಗವತರಿಗೆ ಒಂದು ಮಾತು ಹೇಳಿದರೆ ಸಾಕು. ಮುದಿ ಮಂತ್ರಿಯ ವೇಷವನ್ನು ವಾಸು ಅವರಿಗೆ ಕೊಡಬಹುದು. ಅವರು ಯಾವ ಕಾಲಂಗೂ ಹೊಂದುತ್ತಾರೆ.

ಈ ಅಂಶವನ್ನೂ ರಮಾಮಣಿಗೆ ಓದಿ ಹೇಳಲಾಗಿದೆ. ಆಕೆ, "ಮರಕ್ಕೆ ಜಡೆ ಬೇಡ ಅಲ್ವಾ? ಜಡೆ ನನಗೆ ಕೊಡಿ. ಈ ಸಲ ನೀವು ಹೆಣೆಯಿರಿ" ಎಂದಳು. ವೇಷ ಬಿಡುವ ಮಾತನ್ನು ಮತ್ತೆ ಎತ್ತಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಎಂಟನೆಯ ಅಂಶದ ಕೋರಿಕೆಯನ್ನು ತಾವು ಓದಿಯೇ ಇಲ್ಲವೆಂದು ಭಾವಿಸಿ, ಹತ್ತನೆಯ ಅಂಶದ ಕೋರಿಕೆಯನ್ನು ಮನ್ನಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸವನ್ನು ಇನ್ನೂ ಪೂರ್ತಿ ಕಳೆದುಕೊಂಡಿಲ್ಲವೆಂದು ನಂಬಿರುವ,
ಮಧ್ವರಾಜ
(ಸಖಿ ಮತ್ತು ಮರ, ಮಂಜೂರಾತಿಗೆ ಒಳಪಟ್ಟು)

ಲಗತ್ತುಗಳು:
1) ಮಧ್ವರಾಜ, ಹೆಂಗಸು ಎಂಬ ವರದಿ. ರದ್ದಾಗಿದೆ. ಆದರೂ ಅರ್ಜಿದಾರನಿಗೆ ಹರಿಯಲು ಮನಸ್ಸು ಬರಲಿಲ್ಲ.
2) ಇಬ್ಬರ ತಿದ್ದಿದ ವರದಿಗಳು. ಎರಡೂ ಸಹಜ.
3) ಡಾಕ್ಟರ ಪ್ರಮಾಣಪತ್ರ: ಲಗತ್ತಿಸಿಲ್ಲ, ಸಿಕ್ಕಿಲ್ಲ.
4) ಕೊಂಬೆಯ ಮಾದರಿಗಾಗಿ ಒಂದು ಎಲೆ. ಸೊಸೈಟಿಯ ಆವರಣದ ಬಾದಾಮಿ ಮರದ್ದು.

ಪ್ರತಿ: ಶ್ರೀ ಹಣಮಂತ್ರಾಯ, ಕಲ್ಯಾಣ ಲ್ಯಾಬ್ ಅವರ ಮಾಹಿತಿಗಾಗಿ. ಮುಂದಿನ ಶಿಬಿರಕ್ಕೆ ಬಳಗದಿಂದ ಪಟ್ಟಿ ಬಂದರೆ ಒಮ್ಮೆ ಫೋನ್ ಮಾಡಿ ಕೇಳಬೇಕಾಗಿ ವಿನಂತಿ.

ವಿಶೇಷ ಸೂಚನೆ: ಬಳಗದ ಚಾಮರದ ಹಿಡಿ ಸಡಿಲವಾಗಿದೆ. ಆಟದ ಮೊದಲು ಬಿಗಿ ಮಾಡಿಸಿಕೊಡಬೇಕು. ಆ ಬಿಸಿ ಎಷ್ಟು ಸಲ ಬರುತ್ತದೆ, ಇನ್ನು ಎಷ್ಟು ವರ್ಷ ಬರುತ್ತದೆ ಎಂಬುದು ಯಾವ ವರದಿಯಲ್ಲೂ ಇಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಥರ ಎಂದರು. ಒಳಗೆ ಹೇಗಿರುತ್ತದೆ ಎಂದು ಆಕೆಯನ್ನೇ ಕೇಳಿದ್ದಕ್ಕೆ, "ನಿಮಗೆ ಗೊತ್ತಾಗ್ಲಿಕ್ಕಿಲ್ಲ, ಬೀಸಿ" ಎಂದಳು. ಗೊತ್ತಾಗಿಲ್ಲ. ಅರ್ಜಿದಾರನು ಬೀಸುತ್ತಿದ್ದಾನೆ.